ಡೆಮೊ ಅಣ್ಣನ ಬೋಳು ಹೊಲ

ಮೆಕ್ಕೆಜೋಳದ ಆ ಒಂದು ಪಟ್ಟಿಯನ್ನು ಹಿಂದಿನ ಸಂಜೆ ಕತ್ತರಿಸದೆ ಬಿಟ್ಟಿದ್ದರೆ ಡೆಮೊ ಅಣ್ಣನಿಗೆ ಆ ದಿನ ಒದಗಿದ ಪಾಡು ಒದಗುತ್ತಿರಲಿಲ್ಲ.

ಹತ್ತಿ ಹೊಲದ ಸುತ್ತ ಗೋಡೆಯಂತೆ ಜೋಳ ಬಿತ್ತಿದ್ದು ಅವನೇ. ಪಕ್ಕದ ಹೊಲಗಳಿಂದ ಹಾರಿ ಬರುವ ಕೀಟಗಳನ್ನು ಅದು ತಡೆಯುತ್ತದೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಪಕ್ಕದ ಹೊಲಗಳಿಂದ ಹಾಯ್ದು ಬರುವ ಕಣ್ಣುಗಳನ್ನೂ ತಡೆಯುತ್ತದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಒಳಗೆ ಅವನು ಏನು ಮಾಡುತ್ತಿದ್ದಾನೆಂದು ರಸ್ತೆಯಲ್ಲಿ ಹೋಗುವವರಿಗೆ ಕಾಣಬಾರದು, ಅಷ್ಟೇ ಅವನಿಗೆ ಬೇಕಾಗಿದ್ದು.

ಅದಕ್ಕೆ ಕಾರಣವಿತ್ತು. ಡೆಮೊ ಎಂಬ ಹೆಸರು ಅವನಿಗೆ ಸುಮ್ಮನೆ ಬಂದಿರಲಿಲ್ಲ. ಹೊಸ ಬೀಜ, ಹೊಸ ಔಷಧಿ, ಹೊಸ ಉಪಕರಣ ಯಾವುದೇ ಬರಲಿ, ಮೊದಲು ತೋರಿಸಲು ಒಂದು ಹೊಲ ಬೇಕೆಂದರೆ ಕಂಪನಿಯವರು ನೇರವಾಗಿ ಅವನ ಬಾಗಿಲು ತಟ್ಟುತ್ತಿದ್ದರು. ಒಂದು ಸಲ ಕೀಟ ಹಿಡಿಯುವ ದೀಪ ಹಾಕಿಸಿದ. ದೀಪ ತುಂಬಾ ಚೆನ್ನಾಗಿ ಕೆಲಸ ಮಾಡಿತು. ಎಷ್ಟು ಚೆನ್ನಾಗಿ ಎಂದರೆ, ಸುತ್ತಲಿನ ಹೊಲಗಳ ಕೀಟಗಳೆಲ್ಲ ಮದುವೆ ಮನೆಗೆ ಹೊರಟಂತೆ ಸಂಸಾರ ಸಮೇತ ಅವನ ಹೊಲಕ್ಕೆ ಬಂದಿಳಿದವು. ಆ ವರ್ಷ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಒಳ್ಳೆಯ ಬೆಳೆ. ಇನ್ನೊಂದು ಸಲ, ಫೋನ್ ಮಾಡಿದರೆ ತಾನೇ ಶುರುವಾಗುವ ಪಂಪು ತಂದ. ಆ ಪಂಪಿನ ನಂಬರು ಹೇಗೋ ಅವನ ಅತ್ತೆಯ ಕೈಗೆ ಸಿಕ್ಕಿತು. ಮಗಳ ಕ್ಷೇಮ ಕೇಳಲು ಆಕೆ ಫೋನ್ ಮಾಡಿದಳು, ಅಳಿಯ ಮಾತಾಡುತ್ತಿಲ್ಲವಲ್ಲ ಎಂದು ಮತ್ತೆ ಮಾಡಿದಳು, ಸಿಟ್ಟು ಬಂದು ದಿನವಿಡೀ ಮಾಡಿದಳು. ಮೆಣಸಿನ ಗಿಡಗಳು ಈಜು ಕಲಿಯಬೇಕಾಗಿ ಬಂತು.

ಇಷ್ಟಾದರೂ ಅವನ ಧೈರ್ಯಕ್ಕೆ ತುಕ್ಕು ಹಿಡಿದಿರಲಿಲ್ಲ. ಆದರೆ ನೆರೆಯವರ ನಗು ಸಾಕಾಗಿತ್ತು. ಹಾಗಾಗಿ ಈ ಸಲದ ಹತ್ತಿಯ ವಿಷಯ ಮನೆಯ ಹೊಸ್ತಿಲು ದಾಟಬಾರದೆಂದು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದ. ಅವಳು ಕೊಟ್ಟಿದ್ದಳು. ಅವಳಿಗೂ ಈ ಪ್ರಯೋಗ ಗೆಲ್ಲಬೇಕಿತ್ತು. ಹಿಂದಿನ ವರ್ಷ ಹತ್ತಿ ಬಿಡಿಸಲು ಆಳು ಸಿಗದೆ ಗಂಡ ಹೆಂಡಿರಿಬ್ಬರೇ ವಾರಗಟ್ಟಲೆ ಸಾಲಿನುದ್ದಕ್ಕೂ ಬಗ್ಗಿದ್ದರು. ಒಣಗಿ ಬಿರಿದ ಕಾಯಿಯ ತುದಿಗಳು ಸೂಜಿಯಂತೆ ಚುಚ್ಚಿ ಅವಳ ಬೆರಳುಗಳು ಒಡೆದು, ತನ್ನ ಜಡೆ ತಾನು ಹೆಣೆದುಕೊಳ್ಳಲಾಗದೆ ಗಂಡನ ಅಕ್ಕನ ಮುಂದೆ ತಲೆ ಕೊಟ್ಟು ಕೂರುವಂತಾಗಿತ್ತು. ಆಗಲೇ ಡೆಮೊ ಅಣ್ಣ ಹೇಳಿದ್ದ, ಮುಂದಿನ ವರ್ಷ ನಮ್ಮ ಹೊಲದಲ್ಲಿ ಒಂದು ಕಾಯಿಯನ್ನೂ ಯಾರೂ ಕೈಯಲ್ಲಿ ಬಿಡಿಸುವುದಿಲ್ಲ ಎಂದು.

ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿನವರು ಹತ್ತಿ ಬಿಡಿಸುವ ದೊಡ್ಡ ಯಂತ್ರವೊಂದನ್ನು ತರಿಸಿದ್ದಾರೆ, ಆಳುಗಳೇ ಸಿಗದ ಕಡೆಗೆ ಅದನ್ನು ಕಾಯಂ ಕೊಡುತ್ತಾರೆ ಎಂದು ಗೊತ್ತಾದ ದಿನವೇ ಅವನು ಮ್ಯಾನೇಜರ ಮುಂದೆ ಹೋಗಿ ಕೂತಿದ್ದ. ತಮ್ಮ ಕಡೆ ಹತ್ತಿ ಬಿಡಿಸಲು ಬೇಡಿಕೊಂಡರೂ ಒಂದು ಕೈ ಸಿಗುವುದಿಲ್ಲ ಎಂದು ಅವನು ವರ್ಣಿಸಿದ ರೀತಿಗೆ ಮ್ಯಾನೇಜರೇ ಮರುಗಿ ಹೋಗಿದ್ದರು. ಮೊದಲು ಒಂದು ದಿನ ನಿಮ್ಮ ಹೊಲದಲ್ಲಿ ಓಡಿಸಿ, ಸಂಜೆ ನಾನೇ ಬಂದು ಹತ್ತಿ ನೋಡುತ್ತೇನೆ, ಸರಿ ಕಂಡರೆ ಮುಂದಿನ ವರ್ಷದಿಂದ ಯಂತ್ರ ನಿಮ್ಮ ಕಡೆಗೇ ಎಂದಿದ್ದರು.

ಅಲ್ಲಿಂದ ಡೆಮೊ ಅಣ್ಣ ಹತ್ತಿಯನ್ನು ಬೆಳೆಯಲಿಲ್ಲ, ಸಾಕಿದ. ಯಂತ್ರದ ಬಾಯಿಗೆ ಹೊಂದುವಂತೆ ಸಾಲುಗಳನ್ನು ಬಾಚಣಿಗೆಯ ಹಲ್ಲಿನಷ್ಟು ನೇರವಾಗಿ, ಒತ್ತಾಗಿ ಬಿತ್ತಿಸಿದ. ಗಿಡ ಸೊಂಟಕ್ಕಿಂತ ಮೇಲೇರದಂತೆ ಔಷಧಿ ಕೊಟ್ಟ. ಗುಲಾಬಿ ಕಾಯಿಕೊರಕದ ಗಂಡು ಪತಂಗಗಳನ್ನು ಹೆಣ್ಣಿನ ವಾಸನೆ ತೋರಿಸಿ ಮೋಸ ಮಾಡುವ ಬಲೆಗಳನ್ನು ಕಟ್ಟಿ, ಪ್ರತಿ ಬೆಳಗ್ಗೆ ಮೋಸ ಹೋದವರನ್ನು ನೋಡಿ ಬರುತ್ತಿದ್ದ. ಕಾಯಿ ಬಿರಿದು ಹೊಲ ಬೆಳ್ಳಗಾದ ಮೇಲೆ ಕಡೆಯದಾಗಿ ಡ್ರೋನ್‌ನಿಂದ ಎಲೆ ಉದುರಿಸುವ ಔಷಧಿ ಸಿಂಪಡಿಸಿದ. ಗಿಡದಲ್ಲಿ ಹಸಿರೆಲೆ ಇದ್ದರೆ ಯಂತ್ರ ಹತ್ತಿಯ ಜೊತೆ ಅದನ್ನೂ ಎಳೆದುಕೊಳ್ಳುತ್ತದೆ. ಎಲೆಚೂರು ಎಳೆಯಲ್ಲಿ ಸೇರಿ, ರಸ ತಾಗಿ ಹತ್ತಿ ಕಲೆಯಾದರೆ ಮಿಲ್ಲಿನವರು ಮುಖ ಸಿಂಡರಿಸುತ್ತಾರೆ. ಎಲೆ ಮೊದಲು ಹಳದಿಯಾಯಿತು, ಆಮೇಲೆ ಜಾರತೊಡಗಿತು. ಯಂತ್ರ ಒಳಗೆ ಬರಲು ದಾರಿ ಬೇಕಲ್ಲ ಎಂದು ಹಿಂದಿನ ಸಂಜೆ ರಸ್ತೆ ಬದಿಯ ಜೋಳವನ್ನು ಕೊಯ್ದ. ರಾತ್ರಿ ಬೀಸಿದ ಗಾಳಿ ಉಳಿದ ಎಲೆಗಳನ್ನೂ ಗುಡಿಸಿ ಹಾಕಿತು.

ಬೆಳಗ್ಗೆ ಹೊಲದ ಬದುವಿನ ಮೇಲೆ ನಿಂತಾಗ ಅವನಿಗೆ ಕುಣಿಯಬೇಕು ಅನ್ನಿಸಿತು. ಒಂದು ಎಲೆ ಇಲ್ಲ. ಕಂದು ಕಡ್ಡಿಗಳು, ಅವುಗಳ ಮೇಲೆ ಬಿಳಿ ಹತ್ತಿ, ಅಷ್ಟೇ.

ಅದೇ ಹೊತ್ತಿಗೆ ಮೇಷ್ಟ್ರು ವಾಕಿಂಗ್ ಮುಗಿಸಿ ಆ ದಾರಿಯಲ್ಲಿ ಬಂದರು. ಗಣಿತ ಕಲಿಸಿ ನಿವೃತ್ತರಾದ ಅವರು ಈಗ ಪಕ್ಕದ ಹೊಲ ಮಾಡಿಕೊಂಡು, ಉಳಿದ ಹೊತ್ತು ನೆರೆಹೊರೆಯವರ ಲೆಕ್ಕ ತಿದ್ದುತ್ತಿದ್ದರು. ಹೊಲ ನೋಡಿದವರೇ ಗಕ್ಕನೆ ನಿಂತರು. ಸಾವಿನ ಮನೆಯ ಮುಂದೆ ಚಪ್ಪಲಿ ಬಿಡಬೇಕೋ ಬೇಡವೋ ಎನ್ನುವವರಂತೆ ಒಂದು ಕ್ಷಣ ಅನುಮಾನಿಸಿದರು.

"ಏನಪ್ಪಾ ಇದು," ಎಂದರು ಮೆಲ್ಲಗೆ.

ಯಂತ್ರ ಒಂದು ಸಾಲು ಓಡುವ ತನಕ ಬಾಯಿ ಬಿಡಬಾರದೆಂದು ಡೆಮೊ ಅಣ್ಣ ತನಗೆ ತಾನೇ ಆಣೆ ಹಾಕಿಕೊಂಡಿದ್ದ. ಆದರೆ ಮುಖದ ಮೇಲೆ ಹಬ್ಬಿದ ನಗುವಿಗೆ ಆಣೆ ಹಾಕಿರಲಿಲ್ಲ.

"ಎಲ್ಲಾ ಉದುರಿ ಹೋಯ್ತು ಮೇಷ್ಟ್ರೇ. ಒಂದು ಎಲೆ ಉಳಿದಿಲ್ಲ, ನೋಡಿ," ಎಂದು ಹಲ್ಲು ಕಿರಿದ.

ಗಣಿತದಲ್ಲಿ ಸೊನ್ನೆ ಬಂದ ಹುಡುಗರು ಹೀಗೆ ನಗುವುದನ್ನು ಮೇಷ್ಟ್ರು ವರ್ಷಗಟ್ಟಲೆ ನೋಡಿದ್ದರು. ಅವನ ಭುಜದ ಮೇಲೆ ಕೈಯಿಟ್ಟು, ಮನೆಗೆ ಹೋಗಿ ಸ್ವಲ್ಪ ಮಲಗು ಎಂದರು.

"ಮಲಗೋದೆಲ್ಲ ಆಮೇಲೆ. ಸಂಜೆಯೊಳಗೆ ಈ ಹೊಲದಲ್ಲಿ ಒಂದು ಹಿಡಿ ಹತ್ತಿ ಕಾಣಲ್ಲ. ನೀವೇ ನೋಡ್ತೀರಿ," ಎಂದು ಡೆಮೊ ಅಣ್ಣ ಬೈಕಿಗೆ ಒದ್ದು, ಶಿಳ್ಳೆ ಹಾಕುತ್ತ ಯಂತ್ರ ತರಲು ಮಿಲ್ಲಿನ ದಾರಿ ಹಿಡಿದ.

ಮೇಷ್ಟ್ರು ದೂಳು ಇಳಿಯುವ ತನಕ ಅಲ್ಲೇ ನಿಂತು ಲೆಕ್ಕ ಹಾಕಿದರು. ಎಲೆ ರಾತ್ರೋರಾತ್ರಿ ಹೋಗಿದೆ. ಹತ್ತಿ ಸಂಜೆಯೊಳಗೆ ಹೋಗುತ್ತದೆಂದು ಮಾಲೀಕನೇ ಹೇಳಿದ್ದಾನೆ. ಮಾಲೀಕನ ಬುದ್ಧಿ ಆಗಲೇ ಹೋಗಿದೆ. ಉತ್ತರ ಸ್ಪಷ್ಟವಾಗಿತ್ತು, ಬೆಳೆಗೆ ರೋಗ ಬಡಿದಿದೆ. ಅವರು ಪಂಚೆ ಎತ್ತಿ ಕಟ್ಟಿ ದೊಡ್ಡಕ್ಕನ ಮನೆಯ ಕಡೆ ಹೆಜ್ಜೆ ಹಾಕಿದರು.

ದೊಡ್ಡಕ್ಕ ಎಂದರೆ ಡೆಮೊ ಅಣ್ಣನ ಅಕ್ಕ. ಅವನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅಳುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಈರುಳ್ಳಿ ಹೆಚ್ಚುವಾಗ ಶುರುವಾದದ್ದನ್ನು ಯಾವುದಾದರೂ ಹಳೆಯ ದುಃಖಕ್ಕೆ ಗಂಟು ಹಾಕಿ ಮಧ್ಯಾಹ್ನದವರೆಗೂ ಎಳೆಯಬಲ್ಲವಳು. ಮೇಷ್ಟ್ರ ಮಾತು ಪೂರ್ತಿಯಾಗುವ ಮೊದಲೇ ಅವಳು ಗೋಡೆಯ ಆಚೆಗೆ ಹೋಗಿ ನಾದಿನಿಯನ್ನು, ಅಂದರೆ ತಮ್ಮನ ಹೆಂಡತಿಯನ್ನು, ತಬ್ಬಿಕೊಂಡಿದ್ದಳು.

ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ವಿಷಯ ಏನೆಂದು ತಿಳಿದ ಮೇಲೆ ಅವಳಿಗೆ ನಗು ಬಂತು. ಗಂಡನಿಗೆ ಕೊಟ್ಟ ಮಾತು ಮುರಿಯದೆ ಎಷ್ಟು ಹೇಳಬಹುದೋ ಅಷ್ಟು ಹೇಳಿದಳು. "ಏನೂ ಆಗಿಲ್ಲ ಅಕ್ಕಾ. ಎಲೆ ಬೀಳ್ಬೇಕು ಅಂತಾನೇ ಇತ್ತು. ಬಿದ್ದಿದೆ. ಒಳ್ಳೇದೇ ಆಯ್ತು."

ದೊಡ್ಡಕ್ಕ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿದರು. ಇಬ್ಬರೂ ಸೇರಿ ಹೆಂಡತಿಯ ಕೈಯಿಂದ ಪಾತ್ರೆ ಬಿಡಿಸಿ, ಒಳಗೆ ಕರೆದುಕೊಂಡು ಹೋಗಿ ಮಲಗಿಸಿ, ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದರು. ಅವಳು ಎದ್ದು ಕೂತಳು, ಮತ್ತೆ ಮಲಗಿಸಿದರು. ಅಷ್ಟರಲ್ಲಿ ಸುದ್ದಿ ತಿಳಿದು ಅಂಗಳದ ತುಂಬಾ ಜನ ಸೇರಿದ್ದರು. ಅವಳು ಗಂಡನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ಕೆಟ್ಟ ಔಷಧಿ ಕೊಟ್ಟಿರಬೇಕೆಂದು ಕೆಲವರು ಬೆಳೆ ಔಷಧಿಯ ಅಂಗಡಿಗೆ ಓಡಿದರು. ಅಂಗಡಿಯವನಿಗೂ ಡೆಮೊ ಅಣ್ಣ ಬಾಯಿ ಬಿಡಬಾರದೆಂದು ಹೇಳಿದ್ದ. ಅವನು ಮೊದಲು ತೊದಲಿದ, ಬೆವರಿದ, ಕಡೆಗೆ ಕೊರಳಪಟ್ಟಿಗೆ ಕೈ ಬಂದಾಗ ನಿಜ ಹೇಳಿಬಿಟ್ಟ. "ಅದು ಎಲೆ ಉದುರಿಸೋ ಔಷಧೀನೇ. ಎಲೆ ಉದುರೋಕೆ ಅಂತಲೇ ಕೊಟ್ಟಿದ್ದು," ಎಂದ. ನೋಡಿ, ತಾನೇ ಒಪ್ಪಿಕೊಂಡ ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಂಡರು. ಅಂಗಡಿಯವನು ಶಟರ್ ಎಳೆದು ಹಿಂಬಾಗಿಲಿನಿಂದ ಕಾಲಿಗೆ ಬುದ್ಧಿ ಹೇಳಿದ.

ಮೇಷ್ಟ್ರು ಅಂಗಳದ ಮಧ್ಯೆ ನಿಂತು ತೀರ್ಮಾನ ಕೊಟ್ಟರು. ಎಲೆ ಹೋದದ್ದು ಹೋಯಿತು, ಅದಕ್ಕೆ ಅತ್ತು ಉಪಯೋಗವಿಲ್ಲ. ಹತ್ತಿ ಇನ್ನೂ ಗಿಡದ ಮೇಲಿದೆ, ಸಂಜೆಯ ತನಕ ಸಮಯವಿದೆ. ಈವತ್ತು ಯಾರೂ ತಮ್ಮ ತಮ್ಮ ಹೊಲಕ್ಕೆ ಹೋಗುವುದು ಬೇಡ. ಎಲ್ಲರೂ ಸೇರಿ ಡೆಮೊನ ಹತ್ತಿ ಉಳಿಸೋಣ. ಇಷ್ಟು ವರ್ಷ ಅವನನ್ನು ನೋಡಿ ನಕ್ಕಿದ್ದೇವೆ, ಒಂದು ದಿನವಾದರೂ ಅವನಿಗಾಗಿ ಬಗ್ಗೋಣ.

ಈ ಕಡೆಯ ಮಾತು ಜನರ ಎದೆಗೆ ನಾಟಿತು. ಗಂಡಸರು, ಹೆಂಗಸರು, ಕನ್ನಡಕದ ಮುದುಕರು, ಎಲ್ಲರೂ ಕೈಗೆ ಸಿಕ್ಕ ಚೀಲ ಹಿಡಿದು ಹೊಲಕ್ಕೆ ನುಗ್ಗಿದರು.

ಹೆಂಡತಿ ಹಣೆಯ ಒದ್ದೆ ಬಟ್ಟೆ ಕಿತ್ತೆಸೆದು ಹಿಂದೆಯೇ ಓಡಿದಳು. ಈಗ ಕೊಟ್ಟ ಮಾತನ್ನು ಪಕ್ಕಕ್ಕಿಟ್ಟು, ಯಂತ್ರ ಬರುತ್ತಿದೆ, ಇದೆಲ್ಲ ಯಂತ್ರ ಬಿಡಿಸಲೆಂದು ಮಾಡಿದ್ದು ಎಂದು ಕೂಗಿ ಹೇಳಿದಳು. ಪಾಪ, ಗಂಡ ಏನು ಹೇಳಿದರೂ ನಂಬುತ್ತಾಳೆ ಎಂದು ಹೆಂಗಸರು ಮರುಕಪಟ್ಟರು. ಅವಳು ಇನ್ನೊಮ್ಮೆ ಫೋನ್ ಮಾಡಿದಳು, ಮತ್ತೊಮ್ಮೆ ಮಾಡಿದಳು. ತಡೆಯುವುದು ಸಾಧ್ಯವಿಲ್ಲ ಎಂದು ಖಾತ್ರಿಯಾಯಿತು. ಜನ ಗೊಬ್ಬರದ ಪ್ಲಾಸ್ಟಿಕ್ ಚೀಲಗಳಿಗೆ ಹತ್ತಿ ತುಂಬುತ್ತಿರುವುದು ಕಣ್ಣಿಗೆ ಬಿದ್ದಾಗ ಅವಳೊಳಗಿನ ಇನ್ನೊಬ್ಬಳು ಎದ್ದು ನಿಂತಳು. ಪ್ಲಾಸ್ಟಿಕ್ಕಿನ ಒಂದು ಎಳೆ ಹತ್ತಿಗೆ ಸೇರಿದರೆ ನೂಲಿನವರೆಗೂ ಹೋಗಿ ಬಟ್ಟೆಯನ್ನೇ ಕೆಡಿಸುತ್ತದೆಂದು ಅವಳಿಗೆ ಗೊತ್ತಿತ್ತು.

ಹೇಗೂ ಬಿಡಿಸುತ್ತಾರೆ, ನೆಟ್ಟಗಾದರೂ ಬಿಡಿಸಲಿ ಎಂದು ಅವಳು ಸೆರಗು ಬಿಗಿದಳು. ಪ್ಲಾಸ್ಟಿಕ್ ಚೀಲಗಳನ್ನೆಲ್ಲ ರಸ್ತೆಗೆ ಎಸೆಸಿದಳು. ಮನೆಯಲ್ಲಿದ್ದ ಹಾಸಿಗೆ ಹೊದಿಕೆ, ದಿಂಬಿನ ಚೀಲ, ತನ್ನ ಹಳೆಯ ಹತ್ತಿ ಸೀರೆಗಳನ್ನು ತಂದು ಉಡಿ ಕಟ್ಟಿಸಿದಳು. ಹೆಂಗಸರ ತಲೆಗೆ ಬಟ್ಟೆ ಸುತ್ತಿಸಿದಳು, ಒಂದು ಕೂದಲು ಕೂಡ ಹತ್ತಿಗೆ ಬೀಳಬಾರದು. ಬೀಡಿ ಸೇದುವವರನ್ನು ಬದುವಿನಾಚೆಗೆ ಅಟ್ಟಿದಳು. ಹುಳ ಮುಟ್ಟಿದ ಕಾಯಿ ಬೇರೆ, ಒಳ್ಳೆಯದು ಬೇರೆ. ದೊಡ್ಡಕ್ಕ ಅಳುತ್ತಲೇ ಬಿಡಿಸುತ್ತಿದ್ದಳು. ಕಣ್ಣೀರು ಬಿದ್ದು ಹತ್ತಿಗೆ ತೇವ ಹಿಡಿದೀತೆಂದು ಅವಳ ಅಳುವನ್ನೂ ಊಟದ ಹೊತ್ತಿಗೆ ಮುಂದೂಡಿಸಿದಳು.

ಅತ್ತ ಡೆಮೊ ಅಣ್ಣ ಯಂತ್ರದ ಕ್ಯಾಬಿನ್‌ನಲ್ಲಿ ಆಪರೇಟರ್ ಪಕ್ಕ, ಸಿಂಹಾಸನದ ಮೇಲೆ ಕೂತಂತೆ ಕೂತಿದ್ದ. ಯಂತ್ರ ಎರಡಂತಸ್ತಿನ ಮನೆಗೆ ಚಕ್ರ ಕಟ್ಟಿದಂತಿತ್ತು. ಅದರ ಗರ್ಜನೆಯಲ್ಲಿ ಜೇಬಿನ ಫೋನಿನ ಕೂಗು ಸೊಳ್ಳೆಯ ದನಿಗೂ ಸಮನಾಗಿರಲಿಲ್ಲ. ಕಿರಿದಾದ ಮೋರಿಯ ಹತ್ತಿರ ಚಕ್ರ ಅಂಚಿಗೆ ಬಂದು ನಿಂತಿತು. ಡೆಮೊ ಅಣ್ಣ ಕೆಳಗಿಳಿದು, ಬನ್ನಿ ಬನ್ನಿ ಎಂದು ಕೈಯಾಡಿಸುತ್ತ ಹಿಮ್ಮುಖವಾಗಿ ನಡೆದು ತಾನೇ ಚರಂಡಿಗೆ ಬಿದ್ದ. ಒಂದು ಮರದ ಕೊಂಬೆ ಕ್ಯಾಬಿನ್ನಿಗೆ ಸಿಕ್ಕಿಕೊಂಡಿತು. ಅದನ್ನು ಕತ್ತರಿಸಲು ಮರ ಹತ್ತಿದ ಡೆಮೊ ಅಣ್ಣನಿಗೆ ಇಳಿಯಲು ಯಂತ್ರವೇ ಏಣಿಯಾಯಿತು. ಆಮೇಲೆ ಕುರಿಹಿಂಡೊಂದು ಎದುರಾಯಿತು. ಯಂತ್ರ ನೋಡಿದ ಕುರಿಗಳು ಮುಂದೆ ಹೋಗಲೊಲ್ಲವು, ಹಿಂದೆ ತಿರುಗಲೊಲ್ಲವು, ಮದುವೆಗೆ ಬಂದ ಗಂಡಿನ ಕಡೆಯವರಂತೆ ರಸ್ತೆಯ ನಡುವೆ ನಿಂತುಬಿಟ್ಟವು. ಹೀಗೆ ಬೆಳಗ್ಗೆ ಹೊರಟ ಮೆರವಣಿಗೆ ಮಧ್ಯಾಹ್ನ ದಾಟಿದರೂ ಊರು ಮುಟ್ಟಲಿಲ್ಲ.

ಊರು ಹತ್ತಿರವಾದಂತೆ ಇನ್ನೊಂದು ಸೋಜಿಗ. ಕಂಡವರೆಲ್ಲ ಅವನನ್ನು ತಡೆದು ಮಾತಾಡಿಸುವವರೇ. ಪೆಟ್ರೋಲ್ ಬಂಕಿನವನು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅದುಮಿದ. ಚಹಾದಂಗಡಿಯವಳು ಕರೆದು ಚಹಾ ಕೊಟ್ಟಳು. ಸೈಕಲ್ ರಿಪೇರಿಯ ಮುದುಕ, ಯಾವತ್ತೂ ಅವನ ಮುಖ ನೋಡಿ ಮಾತಾಡದವನು, ಎದ್ದು ಬಂದು ಬೆನ್ನು ಸವರಿದ.

"ಎದೆಗುಂದಬೇಡ. ನಾವೆಲ್ಲ ಇದ್ದೀವಿ," ಎಂದ.

ತನ್ನ ಸಾಹಸದ ಸುದ್ದಿ ಹೇಗೋ ಹಬ್ಬಿದೆ, ಜನ ತನ್ನನ್ನು ಹುರಿದುಂಬಿಸುತ್ತಿದ್ದಾರೆ ಎಂದು ಡೆಮೊ ಅಣ್ಣನಿಗೆ ಕಣ್ಣು ತುಂಬಿ ಬಂತು. ಒಳ್ಳೆಯ ಜನ ಕಣಯ್ಯ ನಮ್ಮವರು, ಹೊರಗೆ ನಗ್ತಾರೆ, ಒಳಗೆ ಪ್ರೀತಿ ಎಂದು ಆಪರೇಟರ್‌ಗೆ ಕೂಗಿ ಹೇಳಿದ. ಯಂತ್ರದ ಸದ್ದಿಗೆ ಆಪರೇಟರ್‌ಗೆ ಏನೂ ಕೇಳಲಿಲ್ಲ. ಅವನು ತಲೆಯಾಡಿಸಿ ಗೇರ್ ಬದಲಿಸಿದ.

ಕಡೆಯ ತಿರುವು ದಾಟಿ ಹೊಲ ಕಂಡಾಗ ಡೆಮೊ ಅಣ್ಣ ಮೊದಲು ದಾರಿ ತಪ್ಪಿದೆ ಎಂದುಕೊಂಡ. ಬೆಳಗ್ಗೆ ಬಿಳಿಯಾಗಿದ್ದ ಹೊಲ ಈಗ ಬರೀ ಕಂದು. ಮೂಲೆಯಲ್ಲಿ ಮಾತ್ರ ಒಂದಿಷ್ಟು ಸಾಲುಗಳಲ್ಲಿ ಹತ್ತಿ ಉಳಿದಿತ್ತು, ಅದರ ನಡುವೆ ಊರಿಗೆ ಊರೇ ಬಗ್ಗಿತ್ತು. ಬದುವಿನ ಪಕ್ಕ ಹರಡಿದ ಬಟ್ಟೆಗಳ ಮೇಲೆ ಹತ್ತಿಯ ರಾಶಿ ಮನೆಯೆತ್ತರ ಬೆಳೆದಿತ್ತು. ಅವನು ಯಂತ್ರ ನಿಲ್ಲಿಸಲು ಹೇಳಿದ. ಆ ಮೌನದಲ್ಲಿ ಜೇಬಿನ ಫೋನ್ ಇನ್ನೊಮ್ಮೆ ಕೂಗಿತು. ಎತ್ತಿದರೆ ಹೆಂಡತಿಯ ದನಿ ಫೋನಿನಲ್ಲೂ ಕೇಳಿಸಿತು, ಎದುರಿನ ಬದುವಿನಿಂದಲೂ ಕೇಳಿಸಿತು.

"ಈಗ ಯಾಕೆ ಎತ್ತಿದ್ರಿ," ಎಂದಳು ಅವಳು.

ಅವನು ಕೂಗಾಡಬೇಕೆಂದು ಕ್ಯಾಬಿನ್ನಿನಿಂದ ಹಾರಿದ. ಅಷ್ಟರಲ್ಲಿ ದೊಡ್ಡಕ್ಕ ಓಡಿ ಬಂದು ಅವನ ಕೆನ್ನೆ ಹಿಡಿದಳು. ಅವಳ ಬೆರಳ ತುದಿಗಳಲ್ಲಿ ರಕ್ತ ಜಿನುಗುತ್ತಿತ್ತು.

"ಒಂದು ಕಾಯೀನೂ ಹಾಳಾಗೋಕೆ ಬಿಡ್ಲಿಲ್ಲ ಕಣೋ. ಎಲ್ಲಾ ಉಳಿಸಿದ್ವಿ," ಎಂದಳು.

ಅವಳ ಹಿಂದೆ ಮೇಷ್ಟ್ರು ಸೊಂಟದ ಮೇಲೆ ಕೈಯಿಟ್ಟುಕೊಂಡು ನೆಟ್ಟಗಾಗಲು ಪ್ರಯತ್ನಿಸುತ್ತಿದ್ದರು. ಜೀವನದಲ್ಲಿ ಮೊದಲ ಸಲ ದಿನವಿಡೀ ಬಗ್ಗಿದ ಅವರ ದೇಹ ಪ್ರಶ್ನಾರ್ಥಕ ಚಿಹ್ನೆಯ ಆಕಾರದಲ್ಲೇ ನಿಂತಿತ್ತು. ಎಲ್ಲರ ಮುಖದಲ್ಲೂ ದಣಿವು, ಬೆವರು, ಮತ್ತು ಯಾರಿಗೋ ಉಪಕಾರ ಮಾಡಿದವರಿಗೆ ಮಾತ್ರ ಬರುವ ಆ ಹೊಳಪು. ಡೆಮೊ ಅಣ್ಣನ ಬಾಯಿಂದ ಬೈಗುಳ ಹೊರಡಲಿಲ್ಲ. ಅಕ್ಕನ ಬೆರಳುಗಳನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ. ಯಂತ್ರದ ಆಪರೇಟರ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ನಿಂತಿದ್ದ. ಎಲ್ಲರೂ ಬಗ್ಗಿರುವಾಗ ತಾನೊಬ್ಬನೇ ಕೈಕಟ್ಟಿ ನಿಲ್ಲಲು ನಾಚಿಕೆಯಾಗಿ, ಕೆಳಗಿಳಿದು ಕಡೆಯ ಸಾಲಿಗೆ ಕೈ ಹಾಕಿದ.

ಕಡೆಯ ಸಾಲು ಮುಗಿಯುವುದಕ್ಕೂ ಮಿಲ್ಲಿನ ಮ್ಯಾನೇಜರ ಕಾರು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಮ್ಯಾನೇಜರು ಇಳಿದವರೇ ಯಂತ್ರ ನೋಡಿದರು, ಬೋಳು ಹೊಲ ನೋಡಿದರು, ತಲೆದೂಗಿದರು. ರಾಶಿಯ ಹತ್ತಿರ ಹೋಗಿ ಒಂದು ಹಿಡಿ ಹತ್ತಿ ತೆಗೆದರು. ಎರಡೂ ಹೆಬ್ಬೆರಳುಗಳ ನಡುವೆ ಎಳೆಯನ್ನು ಜಗ್ಗಿ ಉದ್ದ ನೋಡಿದರು, ಮುಷ್ಟಿಯಲ್ಲಿ ಅದುಮಿ ಬಿಟ್ಟು ತೇವ ನೋಡಿದರು, ಬೆಳಕಿಗೆ ಹಿಡಿದು ಕಸ ಹುಡುಕಿದರು. ಕಸ ಸಿಗಲಿಲ್ಲ. ಇನ್ನೊಂದು ಕಡೆಯಿಂದ ಇನ್ನೊಂದು ಹಿಡಿ ತೆಗೆದರು. ಅಲ್ಲೂ ಇಲ್ಲ.

"ಯಂತ್ರದಲ್ಲಿ ಬಿಡಿಸಿದ ಹತ್ತಿ ಇಷ್ಟು ಸ್ವಚ್ಛವಾಗಿರೋದನ್ನ ನಾನು ನೋಡೇ ಇಲ್ಲ," ಎಂದರು.

ಡೆಮೊ ಅಣ್ಣ ಆಪರೇಟರ್ ಮುಖ ನೋಡಿದ. ಆಪರೇಟರ್ ಆಕಾಶ ನೋಡಿದ. ಸುಮ್ಮನಿದ್ದರೆ ಯಂತ್ರ ಇಲ್ಲೇ ಉಳಿಯುತ್ತದೆ, ಮುಂದಿನ ವರ್ಷದಿಂದ ಯಾರೂ ಬಗ್ಗಬೇಕಿಲ್ಲ. ಈ ಒಂದು ಸಂಜೆ ಬಾಯಿಗೆ ಬೀಗ ಹಾಕಿದರೆ ಸಾಕು. ಅವನು ಹಾಕಿದ. ಆದರೆ ಬೀಗ ಹಾಕಬೇಕಾದ ಬಾಯಿ ಅವನದೊಂದೇ ಆಗಿರಲಿಲ್ಲ.

"ಯಾವ ಯಂತ್ರ ಸ್ವಾಮಿ," ಎಂದು ದೊಡ್ಡಕ್ಕ ತನ್ನ ಹತ್ತೂ ಬೆರಳುಗಳನ್ನು ಮ್ಯಾನೇಜರ ಮೂಗಿನ ಮುಂದೆ ಹಿಡಿದಳು. "ಇದು ನಾವು ಬಿಡಿಸಿದ್ದು. ಅದು ಈಗ ಬಂದು ನಿಂತಿದೆ, ಒಂದು ಎಳೆ ಮುಟ್ಟಿಲ್ಲ."

ಮ್ಯಾನೇಜರು ಸುತ್ತ ನೋಡಿದರು. ಹೊಲದ ತುಂಬಾ ಜನ. ಬದುವಿನ ಮೇಲೆ ಜನ. ರಾಶಿಯ ನೆರಳಲ್ಲಿ ಕೂತು ನೀರು ಕುಡಿಯುವ ಜನ. ಒಂದು ಕೈಯೂ ಸಿಗುವುದಿಲ್ಲ ಎಂದು ತಮ್ಮ ಮುಂದೆ ಕಣ್ಣೊರೆಸಿಕೊಂಡಿದ್ದವನ ಕಡೆ ತಿರುಗಿ, ಇವರೆಲ್ಲ ಯಾರು ಎಂದು ಕೇಳಿದರು. ಹೆಂಡತಿ ಮುಂದೆ ಬಂದು ನಡೆದದ್ದನ್ನೆಲ್ಲ ಹೇಳಿದಳು. ಜೋಳದ ಪಟ್ಟಿ ಕೊಯ್ದಲ್ಲಿಂದ ಶುರುಮಾಡಿ ಒದ್ದೆ ಬಟ್ಟೆಯ ತನಕ ಒಂದನ್ನೂ ಬಿಡಲಿಲ್ಲ.

ಮ್ಯಾನೇಜರು ಒಳ್ಳೆಯ ಮನುಷ್ಯ, ನಗು ತಡೆದುಕೊಂಡರು. ಆದರೆ ಅವರ ತೀರ್ಮಾನದಲ್ಲಿ ಅನುಮಾನವಿರಲಿಲ್ಲ. ಒಂದೇ ದಿನದಲ್ಲಿ ಇಡೀ ಹೊಲವನ್ನು ಕೈಯಲ್ಲಿ ಬಿಡಿಸುವ ಜನ, ಅದೂ ಇಷ್ಟು ಸ್ವಚ್ಛವಾಗಿ ಬಿಡಿಸುವ ಜನ ಇರುವ ಕಡೆ ಯಂತ್ರ ಇಡುವುದರಲ್ಲಿ ಅರ್ಥವಿಲ್ಲ. ಅದು ನಿಜವಾಗಿಯೂ ಆಳಿಲ್ಲದ ಕಡೆಗೆ ಹೋಗಲಿ. ನಿಮ್ಮ ಹತ್ತಿಗೆ ಮೇಲ್ದರ್ಜೆ ಖಂಡಿತ ಎಂದು ಹೆಂಡತಿಗೆ ಹೇಳಿ, ನಾಡಿದ್ದು ಯಂತ್ರವನ್ನು ಆ ಕಡೆಗೆ ಸಾಗಿಸು ಎಂದು ಆಪರೇಟರ್‌ಗೆ ಹೇಳಿ ಕಾರು ಹತ್ತಿದರು.

ಕಾರು ಮರೆಯಾದ ಮೇಲೆ, ರೋಗವೇ ಇರದ ಬೆಳೆಯನ್ನು ತಾವು ದಿನವಿಡೀ ಬೆನ್ನು ಮುರಿದುಕೊಂಡು ಉಳಿಸಿದೆವು ಎಂಬುದು ಒಬ್ಬೊಬ್ಬರಿಗೇ ಅರಿವಾಗುತ್ತಿತ್ತು. ದೊಡ್ಡಕ್ಕ ಸೆರಗಿನ ತುದಿ ಹುಡುಕತೊಡಗಿದಳು. ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ತಪ್ಪು ಉತ್ತರ ಬರೆದು ಸಿಕ್ಕಿಬಿದ್ದ ಅಭ್ಯಾಸ ಮೇಷ್ಟ್ರಿಗೆ ಇರಲಿಲ್ಲ. ಅವರು ಗಡ್ಡ ತುರಿಸಿಕೊಂಡರು.

"ಅದೆಲ್ಲ ಇರಲಿ," ಎಂದರು ಕಡೆಗೆ. "ಒಂದು ಮಾತು ಹೇಳ್ತೀನಿ. ಎಲೆ ಇಲ್ಲದ ಗಿಡದಲ್ಲಿ ಹತ್ತಿ ಬಿಡಿಸೋದು ಎಷ್ಟು ಸುಲಭ ಕಣಯ್ಯಾ."

ಅದು ನಿಜವೆಂದು ಹತ್ತಾರು ದನಿಗಳು ಎದ್ದವು. ಎಲೆ ಸರಿಸಿ ಕಾಯಿ ಹುಡುಕುವ ಗೋಜಿಲ್ಲ, ಕೈ ಹಾಕಿದಲ್ಲೆಲ್ಲ ಹತ್ತಿ. ಮೈಗೆ ತುರಿಕೆಯಿಲ್ಲ, ಕಾಲಿಗೆ ಇಬ್ಬನಿ ತಾಗಲಿಲ್ಲ, ಎಲ್ಲ ಕಾಯಿಗಳೂ ಒಟ್ಟಿಗೇ ಒಡೆದಿದ್ದವು. ನಮ್ಮ ಹೊಲದಲ್ಲಿ ಮೂರು ಸಲ ಬಗ್ಗುವುದನ್ನು ಇಲ್ಲಿ ಒಂದೇ ಸಲ ಬಗ್ಗಿ ಮುಗಿಸಿದೆವಲ್ಲ ಎಂದು ಒಬ್ಬಳು ಲೆಕ್ಕ ಹಾಕಿದಳು. ಆ ಔಷಧಿಯ ಹೆಸರೇನು, ಎಷ್ಟು ಹಾಕಬೇಕು, ಡ್ರೋನಿನವನು ಎಂದು ಬರುತ್ತಾನೆ ಎಂದು ಜನ ಡೆಮೊ ಅಣ್ಣನನ್ನು ಮುತ್ತಿಕೊಂಡರು. ಒಬ್ಬನಂತೂ ಅಂಗಡಿಯವನು ಎಲ್ಲಿ ಅಡಗಿದ್ದಾನೆಂದು ಹುಡುಕಿ, ಕ್ಷಮೆ ಕೇಳಿ, ಶಟರ್ ತೆಗೆಸಲು ಅಲ್ಲಿಂದಲೇ ಹೊರಟ.

ಡೆಮೊ ಅಣ್ಣನ ಎದೆ ನಿಧಾನವಾಗಿ ಉಬ್ಬಿತು. ಇಷ್ಟು ವರ್ಷಗಳಲ್ಲಿ ಅವನು ಮಾಡಿದ್ದನ್ನು ಇನ್ನೊಬ್ಬರು ಮಾಡುತ್ತೇವೆ ಎಂದದ್ದು ಇದೇ ಮೊದಲು. ಯಂತ್ರ ಹೋದರೆ ಹೋಗಲಿ. ಅವನು ಬದುವಿನ ಮೇಲೆ ಹತ್ತಿ ನಿಂತು, ಕಾಯಿ ಎಷ್ಟು ಒಡೆದ ಮೇಲೆ ಸಿಂಪಡಿಸಬೇಕು, ಆಮೇಲೆ ನೀರು ಯಾಕೆ ಬಿಡಬಾರದು, ಬಿಟ್ಟರೆ ಹೊಸ ಚಿಗುರು ಹೇಗೆ ಬಂದು ಕಾಟ ಕೊಡುತ್ತದೆ ಎಂದೆಲ್ಲ ವಿವರಿಸಿದ. ಯಾರೂ ನಗಲಿಲ್ಲ. ಮೇಷ್ಟ್ರು ಕೂಡ ಬೆಂಚಿನ ಮೇಲಿನ ಹುಡುಗನಂತೆ ಕೇಳಿಸಿಕೊಂಡರು.

"ಹಾಗಾದ್ರೆ ನಮ್ಮ ಹೊಲ ಮೊದಲು," ಎಂದರು ಮೇಷ್ಟ್ರು. "ನಾಳೆ ಬೆಳಿಗ್ಗೆ. ನಮ್ಮದಕ್ಕೆ ಔಷಧಿ ಹೊಡೆಯೋಕೆ ಈ ಸಲ ತಡವಾಯ್ತು, ಎಲೆ ಇರಲಿ, ಪರವಾಗಿಲ್ಲ. ನೀನೂ ನಿನ್ನ ಹೆಂಡತಿಯೂ ಬಂದುಬಿಡಿ. ಇವತ್ತು ನಾವು ನಿಮಗೆ ಬಗ್ಗಿದ್ದೀವಿ, ನಾಳೆ ನೀವು ನಮಗೆ."

ಸಂತೋಷದ ಭರದಲ್ಲಿದ್ದ ಡೆಮೊ ಅಣ್ಣ ಖಂಡಿತ ಬರ್ತೀವಿ ಎಂದುಬಿಟ್ಟ. ಆಮೇಲೆ ನಾಡಿದ್ದು ತಮ್ಮದೆಂದಳು ಚಹಾದಂಗಡಿಯವಳ ತಂಗಿ. ಅದಕ್ಕೂ ಹ್ಞೂಂ ಎಂದ. ಅದರ ಮಾರನೇ ದಿನ ಒಬ್ಬರು, ಅದರಾಚೆ ಇನ್ನೊಬ್ಬರು. ತನಗಾಗಿ ಬಗ್ಗಿದವರಿಗೆ ಇಲ್ಲವೆನ್ನುವುದು ಹೇಗೆ. ಬೆರಳು ತೋರಿಸಿದವರಿಗೆಲ್ಲ ತಲೆಯಾಡಿಸುತ್ತ ಹೋದ. ತಲೆಯಾಡಿಸಿ ಮುಗಿಸುವ ಹೊತ್ತಿಗೆ ಆ ಸುಗ್ಗಿಯ ದಿನಗಳೆಲ್ಲ ಖರ್ಚಾಗಿ, ಊರಿನ ಹತ್ತಿಯೆಲ್ಲ ಅವರಿಬ್ಬರ ಕೊರಳಿಗೆ ಬಿದ್ದಿತ್ತು. ಹೆಂಡತಿ ಅವನನ್ನು ದಿಟ್ಟಿಸಿ ನೋಡುತ್ತಿದ್ದಳು. ಆ ನೋಟ ತಾಗಿದ ಮೇಲೆಯೇ ಅವನಿಗೆ ತಾನು ಏನು ಮಾಡಿದೆ ಎಂಬುದು ಹೊಳೆಯಿತು.

ಜನ ಚದುರಿದರು. ಕಡೆಗೆ ಉಳಿದವನು ಆಪರೇಟರ್ ಒಬ್ಬನೇ. ಕ್ಯಾಬಿನ್ ಏಣಿಯ ಮೇಲೆ ಒಂದು ಕಾಲಿಟ್ಟು, ಹೇಳಲೋ ಬೇಡವೋ ಎಂದು ಅನುಮಾನಿಸುತ್ತಿದ್ದ.

"ಅಣ್ಣಾ, ಕಡೇ ಸಾಲಲ್ಲಿ ನಾನೂ ಒಂದು ಕೈ ಹಾಕಿದೆ," ಎಂದ.

ಡೆಮೊ ಅಣ್ಣ ದಣಿದ ಕಣ್ಣು ಎತ್ತಿ ನೋಡಿದ.

"ನಮ್ಮದೂ ಒಂದು ತುಂಡು ಹೊಲ ಇದೆ. ಹತ್ತೀನೇ ಹಾಕಿದ್ದೀನಿ. ನಾನು ಇದನ್ನ ಓಡಿಸ್ಕೊಂಡು ಊರೂರು ತಿರುಗ್ತೀನಿ, ಅಲ್ಲಿ ಬಿಡಿಸೋರಿಲ್ಲ."

"ಯಾಕಯ್ಯಾ, ಯಂತ್ರ ನಿನ್ನ ಕೈಯಲ್ಲೇ ಇದೆಯಲ್ಲ."

"ಅಷ್ಟು ಜಾಗದಲ್ಲಿ ಇದು ತಿರುಗಲ್ಲ ಅಣ್ಣಾ," ಎಂದ ಆಪರೇಟರ್, ತುಸು ನಾಚಿಕೊಂಡು. "ನಾಡಿದ್ದು ಇದನ್ನ ಆ ಕಡೆ ಸಾಗಿಸ್ಬೇಕು. ನಮ್ಮ ಹೊಲ ದಾರೀಲೇ ಸಿಗುತ್ತೆ."

ನಾಡಿದ್ದು ಚಹಾದಂಗಡಿಯವಳ ತಂಗಿಗೆ ಮಾತು ಕೊಟ್ಟಾಗಿತ್ತು. ಅವಳ ಕೈಕಾಲು ಹಿಡಿದು ಒಂದು ದಿನ ಮುಂದೆ ಹಾಕಿಸಿಕೊಳ್ಳಬೇಕಾಯಿತು.

ಆ ದಿನ ಬೆಳಗ್ಗೆ ಊರಿನವರೆಲ್ಲ ರಸ್ತೆಗೆ ಬಂದು ನಿಂತು ನೋಡಿದರು. ಎರಡಂತಸ್ತಿನ ಆ ಯಂತ್ರ ನೆಲ ನಡುಗಿಸುತ್ತ ಹೊರಟಿತು. ಒಳಗೆ ಆಪರೇಟರ್ ಪಕ್ಕದಲ್ಲಿ ಡೆಮೊ ಅಣ್ಣನೂ ಅವನ ಹೆಂಡತಿಯೂ ಒತ್ತಿಕೊಂಡು ಕೂತಿದ್ದರು, ತಲೆಗೆ ಬಟ್ಟೆ ಸುತ್ತಿಕೊಂಡು, ತೊಡೆಯ ಮೇಲೆ ಸೀರೆಯ ಉಡಿ ಇಟ್ಟುಕೊಂಡು, ಯಂತ್ರದವನ ಹೊಲದಲ್ಲಿ ಕೈಯಿಂದ ಹತ್ತಿ ಬಿಡಿಸಿ ಕೊಡಲು.